ಗುಂಡಿ ತುಂಬುವುದೇ ಇಲ್ಲ ಎಂದರೆ...

ಬೇಸಿಗೆಯಲ್ಲಿ ಮೂವತ್ತು ಅಡಿ ಹಗ್ಗ ಬೇಡುವ ಬಾವಿಯಲ್ಲಿ ಪುನರ್ವಸು ಮಳೆ ಹಿಡಿದ ಮೇಲೆ ಕಟ್ಟೆಯಿಂದ ಬಗ್ಗಿ ಕೊಡದಲ್ಲೇ ನೀರು ಮೊಗೆಯಬಹುದು. ಮಲೆನಾಡಿನವರಿಗೆ ಇದು ಹೊಸತೇನಲ್ಲ. ಅಂಗಳದಲ್ಲೇ ಜಲ ಒಡೆಯುವುದನ್ನು ಕಂಡವರು ನಾವು. ಬಾವಿಯಲ್ಲಿ ಮೇಲೆದ್ದ ಅದೇ ನೀರು ಹಿತ್ತಲಿನ ಕಕ್ಕಸು ಗುಂಡಿಯೊಳಗೂ ಎದ್ದಿರುತ್ತದೆ ಎಂಬುದು ಮಾತ್ರ ನೆನಪಿಗೆ ಬರುವುದಿಲ್ಲ. ಘಟ್ಟದ ಊರುಗಳಲ್ಲಿ ಕೊಳಚೆ ನೀರಿನ ಬಗ್ಗೆ ಇರುವ ಹಲವು ತಪ್ಪು ಕಲ್ಪನೆಗಳಿಗೆ ಈ ಮರೆವೇ ಮೂಲ.

“ಇಪ್ಪತ್ತು ವರ್ಷವಾಯಿತು, ನಮ್ಮ ಗುಂಡಿ ತುಂಬಿಯೇ ಇಲ್ಲ.”

ಹೆಮ್ಮೆಯಿಂದ ಹೇಳುವ ಈ ಮಾತು ಕೇಳಿದಾಗಲೆಲ್ಲ ನನಗೆ ಆ ಮನೆಯ ಬಾವಿ ಎಲ್ಲಿದೆ ಎಂದು ನೋಡಬೇಕೆನಿಸುತ್ತದೆ. ಸೆಪ್ಟಿಕ್ ಟ್ಯಾಂಕ್ ಸರಿಯಾಗಿ ಕೆಲಸ ಮಾಡುತ್ತಿದ್ದರೆ ತಳದಲ್ಲಿ ಗಸಿ ಕೂರಲೇಬೇಕು. ಎರಡು ಮೂರು ವರ್ಷಕ್ಕೊಮ್ಮೆ ಅದನ್ನು ತೆಗೆಸಲೇಬೇಕು. ತುಂಬುತ್ತಿಲ್ಲವೆಂದರೆ ಎಲ್ಲಿಗೋ ಹೋಗುತ್ತಿದೆ ಎಂದೇ ಅರ್ಥ. ಸೆಪ್ಟಿಕ್ ಟ್ಯಾಂಕ್ ಎಂದು ನಾವು ಕರೆಯುವ ಎಷ್ಟೋ ಗುಂಡಿಗಳಿಗೆ ತಳಕ್ಕೆ ಕಾಂಕ್ರೀಟೇ ಇಲ್ಲ, ಸುತ್ತ ಜಂಬಿಟ್ಟಿಗೆ ಕಟ್ಟಿ ಮೇಲೊಂದು ಹಾಸು ಮುಚ್ಚಿರುತ್ತಾರೆ, ಅಷ್ಟೆ.

“ಟ್ಯಾಂಕಿನಿಂದ ಹೊರಬರುವ ನೀರು ಶುದ್ಧ.”

ನೋಡಲು ತಿಳಿಯಾಗಿರಬಹುದು. ಟ್ಯಾಂಕಿನಲ್ಲಿ ಗಟ್ಟಿ ಪದಾರ್ಥ ತಳಕ್ಕೆ ಇಳಿಯುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ಒಂದಿಷ್ಟು ಕೊಳೆಯುತ್ತದೆ. ಭೇದಿ, ಟೈಫಾಯ್ಡ್, ಕಾಮಾಲೆ ತರುವ ರೋಗಾಣುಗಳು ನೀರಿನ ಜೊತೆಯಲ್ಲೇ ಹೊರಬರುತ್ತವೆ. ಅವನ್ನು ತಡೆಯುವ ಕೆಲಸ ಹೊರಗಿನ ಮಣ್ಣಿನದು. ಮಣ್ಣಿನ ಕಣಗಳ ನಡುವೆ ಗಾಳಿಯಾಡುತ್ತಿದ್ದರೆ ಅಲ್ಲಿನ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ಅರಗಿಸುತ್ತವೆ, ರೋಗಾಣುಗಳು ಮಣ್ಣಿಗೆ ಅಂಟಿಕೊಂಡು ಸಾಯುತ್ತವೆ. ಮಣ್ಣು ನೀರು ಕುಡಿದು ಕೂತಾಗ ಗಾಳಿಯೂ ಇಲ್ಲ, ಸೋಸುವಿಕೆಯೂ ಇಲ್ಲ.

ಆದ್ದರಿಂದಲೇ “ಗುಂಡಿ ಆಳವಾದಷ್ಟು ಒಳ್ಳೆಯದು” ಎಂಬುದು ಮಲೆನಾಡಿನಲ್ಲಿ ಎಲ್ಲಕ್ಕಿಂತ ಅಪಾಯದ ನಂಬಿಕೆ. ಹದಿನೈದು ಅಡಿ ತೋಡಿದವರು ಅಂತರ್ಜಲಕ್ಕೆ ನೇರ ದಾರಿ ಕೊಟ್ಟಂತೆ. ಮುರಿದ ಜಂಬಿಟ್ಟಿಗೆ ಕಲ್ಲೊಂದನ್ನು ಕೈಗೆತ್ತಿಕೊಂಡು ನೋಡಿ: ಉದ್ದಕ್ಕೂ ಕೊಳವೆಯಂಥ ತೂತುಗಳು, ಕೆಲವೆಡೆ ಕಿರುಬೆರಳೇ ತೂರುತ್ತದೆ. ಆ ದಾರಿಯಲ್ಲಿ ನೀರು ಓಡುತ್ತದೆ, ಸೋಸುವುದಿಲ್ಲ. ಬಾವಿಗೂ ಗುಂಡಿಗೂ ಸಾಮಾನ್ಯವಾಗಿ ಹೇಳುವ 10 ಮೀಟರ್ ಅಂತರ ಇಂಥ ನೆಲದಲ್ಲಿ ಸಾಲದು. ಗುಂಡಿ ಬಾವಿಗಿಂತ ಇಳಿಜಾರಿನ ಕೆಳಗಿರಬೇಕು, ಆಳ ಕಡಿಮೆ ಇರಬೇಕು. ಮಳೆಗಾಲದ ಜಲ ಗುಂಡಿಯ ತಳದಿಂದ ಎರಡು ಮೀಟರಿನೊಳಗೆ ಬರುವುದಾದರೆ ತಳವನ್ನು ಮುಚ್ಚಿ, ಸುತ್ತ ಅರ್ಧ ಮೀಟರ್ ದಪ್ಪಕ್ಕೆ ಸಣ್ಣ ಮರಳು ತುಂಬಬೇಕು.

“ಹರಿಯುವ ನೀರಿಗೆ ದೋಷವಿಲ್ಲ” ಎಂದು ಪೈಪನ್ನು ಹಳ್ಳಕ್ಕೆ ಬಿಡುವವರೂ ಇದ್ದಾರೆ. ಇಳಿಜಾರಿನಲ್ಲಿ ಹಳ್ಳ ರಭಸವಾಗಿ ಓಡುವುದರಿಂದ ರೋಗಾಣು ಸಾಯುವ ಮುನ್ನವೇ ಕೆಳಗಿನ ಮನೆ ಮುಟ್ಟುತ್ತದೆ. ಆ ಮನೆಯವರು ಅದೇ ಹಳ್ಳಕ್ಕೆ ಕರಿ ಪೈಪು ಹಾಕಿ ಕುಡಿಯುವ ನೀರು ತಂದುಕೊಂಡಿರುತ್ತಾರೆ.

ಸಗಣಿ, ಮೊಸರು, ಯೀಸ್ಟ್ ಹಾಕಿದರೆ ಟ್ಯಾಂಕ್ ಚುರುಕಾಗುತ್ತದೆ ಎಂಬುದಕ್ಕೂ ಆಧಾರವಿಲ್ಲ. ಬೇಕಾದ ಬ್ಯಾಕ್ಟೀರಿಯಾ ಮಲದಲ್ಲೇ ಇವೆ. ಫಿನೈಲು, ಆ್ಯಸಿಡ್ ಧಾರಾಳವಾಗಿ ಸುರಿಯದಿದ್ದರೆ ಸಾಕು.

ಹೋಂಸ್ಟೇ ನಡೆಸುವವರಿಗೆ ಒಂದು ಮಾತು. ಐದು ಜನರ ಮನೆಗೆಂದು ಕಟ್ಟಿದ ಟ್ಯಾಂಕಿಗೆ ಶನಿವಾರ ಮೂವತ್ತು ಜನ ಬಂದರೆ, ಗಸಿ ಕೂರಲು ಬೇಕಾದ ಒಂದು ದಿನದ ಬಿಡುವೂ ನೀರಿಗೆ ಸಿಗುವುದಿಲ್ಲ. ಬಂದದ್ದು ಬಂದಂತೆಯೇ ಹೊರಗೆ ಹೋಗುತ್ತದೆ.

ಹಾಗಾದರೆ ಪಟ್ಟಣದಂತೆ ಒಳಚರಂಡಿ ಬೇಕೇ? ಗುಡ್ಡಕ್ಕೊಂದು ಮನೆ ಇರುವಲ್ಲಿ ಅದು ಆಗದ ಮಾತು, ಬೇಕಾಗಿಯೂ ಇಲ್ಲ. ಬಚ್ಚಲು ನೀರನ್ನು ಬೇರೆ ಮಾಡಿ ಬಾಳೆ, ಕೆಸುವಿನ ಬುಡಕ್ಕೆ ಬಿಡಿ. ಸಕ್ಕಿಂಗ್ ಲಾರಿ ಹತ್ತದ ದಾರಿಯಿದ್ದು, ಮಳೆಗಾಲದಲ್ಲೂ ಜಲ ಏಳದ ಎತ್ತರದ ಜಾಗ ಸಿಗುವುದಾದರೆ ಜೋಡಿ ಗುಂಡಿಯೇ ಒಳ್ಳೆಯದು. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ಒಳಗಿರುವುದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಸೆಪ್ಟಿಕ್ ಟ್ಯಾಂಕಿಗೆ ಮಾತ್ರ ಯಾರನ್ನೂ ಇಳಿಸಬೇಡಿ. ಒಳಗಿನ ವಿಷಗಾಳಿ ಕ್ಷಣದಲ್ಲಿ ಕೊಲ್ಲುತ್ತದೆ, ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅದು ಅಪರಾಧವೂ ಹೌದು.

ಈ ಬೇಸಿಗೆಯಲ್ಲಿ ಮುಚ್ಚಳ ತೆಗೆಸಿ, ಗಾಳಿಯಾಡಲು ಬಿಟ್ಟು, ದೂರದಿಂದಲೇ ಉದ್ದನೆಯ ಗಳ ಇಳಿಸಿ ನೋಡಿ. ಗಸಿ ಮೂರರಲ್ಲಿ ಒಂದು ಪಾಲು ಏರಿದ್ದರೆ ಮಳೆ ಹಿಡಿಯುವ ಮೊದಲೇ ಖಾಲಿ ಮಾಡಿಸಿ. ಖಾಲಿ ಮಾಡಿಸಿದ ಮೇಲೂ ಬಾವಿಯ ನೀರನ್ನು ಕುದಿಸಿಯೇ ಕುಡಿಯಿರಿ.