ತಪ್ಪಾದಲ್ಲೇ ನಿಂತು ಕೇಳುವ ಭಾಷೆ

ಪ್ರೋಗ್ರಾಮು ಕೆಟ್ಟರೆ ಸಾಮಾನ್ಯವಾಗಿ ಆಗುವುದು ಇಷ್ಟು: ಒಂದೆರಡು ಸಾಲು ದೂರು ಬರೆದಿಟ್ಟು ನಿಂತುಹೋಗುತ್ತದೆ. ಅಲ್ಲಿಯವರೆಗೆ ಮಾಡಿದ ಲೆಕ್ಕವೂ ಅದರ ಜೊತೆಗೇ ಹೋಗುತ್ತದೆ. ಲಿಸ್ಪ್ ಕುಲದ ಕಾಮನ್ ಲಿಸ್ಪ್ ಎಂಬ ಭಾಷೆ ಬಳಸುವವರ ಅನುಭವವೇ ಬೇರೆ. ಪ್ರೋಗ್ರಾಮು ತಪ್ಪಾದ ಜಾಗದಲ್ಲೇ ತಡೆದು, ಈ ಹೆಸರಿಗೆ ಬೆಲೆ ಕೊಟ್ಟಿಲ್ಲ, ಈಗ ಕೊಡುತ್ತೀರಾ, ಮತ್ತೊಮ್ಮೆ ನೋಡಲೇ, ಕೈಬಿಡಲೇ ಎಂದು ಕೇಳುತ್ತದೆ. ಉತ್ತರ ಕೊಟ್ಟರೆ ನಿಂತಲ್ಲಿಂದಲೇ ಮುಂದೆ ಸಾಗುತ್ತದೆ.

ಇದರ ಬೇರು 1958ರ ಎಂಐಟಿಯಲ್ಲಿದೆ. ಜಾನ್ ಮೆಕಾರ್ಥಿ ರೂಪಿಸುತ್ತಿದ್ದ ಲಿಸ್ಪ್‌ನಲ್ಲಿ ಮಾಹಿತಿಯಂತೆ ಪ್ರೋಗ್ರಾಮನ್ನೂ ಪಟ್ಟಿಯಾಗಿ ಬರೆಯಬಹುದಿತ್ತು. ಆ ಪಟ್ಟಿಯ ಬೆಲೆ ಕಂಡುಹಿಡಿಯುವ ‘ಇವಾಲ್’ ಅನ್ನು ಅವರು ಬರೆದದ್ದು ಸಿದ್ಧಾಂತ ವಿವರಿಸಲಿಕ್ಕೆ. ಜೊತೆಗಿದ್ದ ಸ್ಟೀವ್ ರಸೆಲ್ ಅದನ್ನೇ ಐಬಿಎಂ 704 ಯಂತ್ರಕ್ಕೆ ಇಳಿಸಲು ಹೊರಟರು. ಇದು ಓದಲಿಕ್ಕೆ, ಓಡಿಸಲಿಕ್ಕಲ್ಲ ಎಂಬುದು ಮೆಕಾರ್ಥಿಯವರ ನಿಲುವು. ಓಡಿತು. ಲಿಸ್ಪ್‌ನ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಘಟ್ಟವೇ. ಓಡುತ್ತಿರುವ ಪ್ರೋಗ್ರಾಮಿಗೆ ಹೊಸ ಸಾಲೊಂದನ್ನು ಕೊಟ್ಟು ಆಗಲೇ ಫಲ ನೋಡುವ ದಾರಿ ಇಲ್ಲಿಂದ ತೆರೆಯಿತು.

ಆದರೂ 704ರ ಕಾಲದಲ್ಲಿ ಕಾರ್ಡುಗಳ ಕಟ್ಟು ಒಪ್ಪಿಸಿ ಕಾಯಬೇಕಿತ್ತು. ಹದಿಹರೆಯದ ಪೀಟರ್ ಡಾಯ್ಚ್ ಪಿಡಿಪಿ-1 ಯಂತ್ರಕ್ಕೆ ಬರೆದ ಲಿಸ್ಪ್‌ನಲ್ಲಿ ಟೈಪ್ ಮಾಡಿದ್ದಕ್ಕೆ ಉತ್ತರ ಅಲ್ಲೇ ಬರುತ್ತಿತ್ತು. ಅದರ ವರದಿ ಪ್ರಕಟವಾದದ್ದು 1964ರಲ್ಲಿ. ಮುಂದೆ ವಾರನ್ ಟೈಟಲ್‌ಮನ್ ಇಂಟರ್‌ಲಿಸ್ಪ್ ಎಂಬ ಲಿಸ್ಪ್ ರೂಪಕ್ಕೆ ಕಾಗುಣಿತದ ತಪ್ಪನ್ನು ತಾನೇ ತಿದ್ದಿಕೊಳ್ಳುವಷ್ಟು ಬುದ್ಧಿ ಕಲಿಸಿದರು. ಲಿಸ್ಪ್ ಓಡಿಸಲೆಂದೇ ಕಟ್ಟಿದ ಲಿಸ್ಪ್ ಯಂತ್ರಗಳಲ್ಲಿ ಬೆಳೆದ ದೋಷ ನಿರ್ವಹಣೆಯ ಪದ್ಧತಿಯನ್ನು ಕಾಮನ್ ಲಿಸ್ಪ್‌ಗೆ ಹೊಂದಿಸಿದವರಲ್ಲಿ ಕೆಂಟ್ ಪಿಟ್‌ಮನ್ ಮುಖ್ಯರು. 1994ರ ಆನ್ಸಿ ಮಾನದಂಡದಲ್ಲಿ ಅದು ಸೇರಿತು. ಬೇರೆ ಹಲವು ಭಾಷೆಗಳು ತಪ್ಪು ಕಂಡೊಡನೆ, ಅಲ್ಲಿಗೆ ಬಂದ ದಾರಿಯನ್ನೇ ಅಳಿಸುತ್ತ ಹಿಂದಕ್ಕೆ ಬರುತ್ತವೆ. ಇಲ್ಲಿ ಏನು ಮಾಡಬೇಕೆಂಬ ತೀರ್ಮಾನ ಆಗುವವರೆಗೂ ಆ ದಾರಿ ಹಾಗೇ ಉಳಿದಿರುತ್ತದೆ. ದೋಷ ಹುಡುಕುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನು ಬೇಕು?

ಲಿಸ್ಪ್‌ನೊಡನೆ ಹೀಗೆ ಮಾತಾಡುತ್ತ ದೋಷ ಹುಡುಕುವ ಪದ್ಧತಿಗೆ 1999ರ ಮೇ ತಿಂಗಳಲ್ಲಿ ಭೂಮಿಯಿಂದ ಸುಮಾರು 10 ಕೋಟಿ ಕಿಲೋಮೀಟರ್ ದೂರದಲ್ಲಿ ಪರೀಕ್ಷೆ ಎದುರಾಯಿತು. ನಾಸಾದ ಡೀಪ್ ಸ್ಪೇಸ್ 1 ನೌಕೆಯನ್ನು ‘ರಿಮೋಟ್ ಏಜೆಂಟ್’ ಎಂಬ ಲಿಸ್ಪ್ ಪ್ರೋಗ್ರಾಮು ತಾನಾಗಿ ನಡೆಸುತ್ತಿತ್ತು. ನಡುವೆ ಎಂಜಿನ್ ಆರಿಸುವ ಹೊತ್ತು ಬಂದರೂ ಆಜ್ಞೆ ಹೊರಡಲಿಲ್ಲ. ನೀವು ಮೊದಲು, ನೀವು ಮೊದಲು ಎಂದು ಹೊಸ್ತಿಲಲ್ಲೇ ನಿಂತ ನೆಂಟರಂತೆ ಒಳಗಿನ ಎರಡು ಕೆಲಸಗಳು ಒಂದನ್ನೊಂದು ಕಾಯುತ್ತಿದ್ದವು. ಸಂದೇಶ ಒಂದು ಕಡೆಗೆ ಮುಟ್ಟಲಿಕ್ಕೇ ಐದು ನಿಮಿಷ ಮೀರುತ್ತಿತ್ತು. ನೌಕೆಯಲ್ಲೇ ಓಡುತ್ತಿದ್ದ ಲಿಸ್ಪ್‌ಗೆ ಪ್ರಶ್ನೆ ಹಾಕಬಹುದಾಗಿದ್ದದ್ದು ಆಗ ಎಂಜಿನಿಯರುಗಳ ಕೈಹಿಡಿಯಿತು. ಕೆಲವೇ ಗಂಟೆಗಳಲ್ಲಿ ಕಾರಣ ಸಿಕ್ಕಿತು, ಮೇ 21ಕ್ಕೆ ಉಳಿದ ಪರೀಕ್ಷೆಗಳೂ ಮುಗಿದವು.

1997ರಲ್ಲೇ ನಾಸಾದ ಏಮ್ಸ್ ಕೇಂದ್ರದವರು ಸ್ಪಿನ್ ಎಂಬ ಸಾಧನದಿಂದ ಈ ಪ್ರೋಗ್ರಾಮಿನ ಒಂದು ಭಾಗವನ್ನು ಜಾಲಾಡಿ ಐದು ದೋಷಗಳನ್ನು ಹಿಡಿದಿದ್ದರು. ಬಾಹ್ಯಾಕಾಶದಲ್ಲಿ ಕಾಡಿದ್ದು ಅವುಗಳಲ್ಲೊಂದರ ಜಾತಿಯದೇ, ಅವರು ಪರಿಶೀಲಿಸದೆ ಉಳಿದಿದ್ದ ಇನ್ನೊಂದು ಭಾಗದಲ್ಲಿ.