ಮನೆಯ ಗಣಕಯಂತ್ರದಲ್ಲಿ ಬ್ರೌಸರಿನ ಅಪಹರಣ: ನಿವಾರಣೆ ಮತ್ತು ಮುನ್ನೆಚ್ಚರಿಕೆ

ಇತಿಹಾಸವನ್ನು ಬೋಧಿಸುವ ನಾವು ಗಣಕಯಂತ್ರದ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ವಾಚಕರು ಆಶ್ಚರ್ಯಪಡಬಹುದು. ಆದರೆ ಶಾಸನಪಾಠಗಳನ್ನು, ಗ್ಯಾಸೆಟಿಯರುಗಳನ್ನು, ಹಳೆಯ ಪತ್ರಿಕೆಗಳನ್ನು ನಮ್ಮಲ್ಲಿ ಬಹುಮಂದಿ ಇಂದು ಹುಡುಕುವುದು ಮನೆಯ ಗಣಕಯಂತ್ರದ ಮೂಲಕವೇ. ಹುಡುಕುವ ಸಾಧನವೇ ಪರಾಧೀನವಾದರೆ ದೊರೆಯುವ ಆಧಾರಗಳ ಗತಿಯೇನು? ಈ ದೃಷ್ಟಿಯಿಂದ ವಿಷಯವು ಸಂಶೋಧಕರಿಗೆ ಸಂಬಂಧಪಟ್ಟದ್ದೇ ಆಗಿದೆ.

ಕೆಲವು ಕಾಲದ ಹಿಂದೆ, ಗ್ಯಾಸೆಟಿಯರೊಂದರ ಬಿಡಿಪುಟಗಳ ಚಿತ್ರಗಳನ್ನು ಒಂದೇ ಕಡತವಾಗಿ ಜೋಡಿಸಲೆಂದು ಉಚಿತ ತಂತ್ರಾಂಶವೊಂದನ್ನು ನಾವು ಇಳಿಸಿಕೊಂಡೆವು. ಮರುದಿನ ಬ್ರೌಸರನ್ನು ತೆರೆದಾಗ ಅದರ ಮುಖಪುಟ ಬದಲಾಗಿತ್ತು. ತಾಳಗುಂದದ ಶಾಸನವನ್ನು ಕುರಿತು ಹುಡುಕಿದರೆ ಮೊದಲ ಪುಟದ ತುಂಬ ವಸತಿಗೃಹಗಳ ಜಾಹೀರಾತುಗಳು. ಮುಖಪುಟವನ್ನು ಸರಿಪಡಿಸಿದೆವು, ಯಂತ್ರವನ್ನು ಮತ್ತೆ ಚಾಲನೆ ಮಾಡಿದೊಡನೆ ಅದೇ ಅವಸ್ಥೆ. ವಿದ್ಯಾರ್ಥಿಗಳ ಅಂಕಪಟ್ಟಿಯೂ ಬ್ಯಾಂಕಿನ ವ್ಯವಹಾರವೂ ಅದೇ ಯಂತ್ರದಲ್ಲಿದ್ದುದರಿಂದ ಇದನ್ನು ಕೇವಲ ಕಿರುಕುಳವೆಂದು ತಳ್ಳಿಹಾಕುವಂತಿರಲಿಲ್ಲ.

ಇಂಥ ತಂತ್ರಾಂಶಗಳಲ್ಲಿ ಎರಡು ಬಗೆಯುಂಟು. ಬ್ರೌಸರಿನ ಮುಖಪುಟವನ್ನೂ ಶೋಧಕಯಂತ್ರವನ್ನೂ ಬದಲಿಸಿ, ನಮ್ಮನ್ನು ತನಗೆ ಬೇಕಾದ ತಾಣಗಳಿಗೆ ಒಯ್ದು, ಜಾಹೀರಾತಿನಿಂದ ಹಣ ಗಳಿಸುವುದು ಬ್ರೌಸರ್ ಅಪಹಾರಕ. ನಾವು ನೋಡಿದ ತಾಣಗಳನ್ನು, ಕೆಲವೊಮ್ಮೆ ಒತ್ತಿದ ಕೀಲಿಗಳನ್ನು ಸಹ, ಗುಟ್ಟಾಗಿ ದಾಖಲಿಸಿ ಹೊರಗೆ ಕಳುಹಿಸುವುದು ಸ್ಪೈವೇರ್, ಅಂದರೆ ಗೂಢಚಾರ ತಂತ್ರಾಂಶ. ಮೊದಲನೆಯದು ಎರಡನೆಯದರ ಕೆಲಸವನ್ನೂ ಮಾಡುವುದುಂಟು.

ಇವುಗಳಿಗೂ ಒಂದು ಇತಿಹಾಸವಿದೆ. ೨೦೦೩ರಲ್ಲಿ ಕಾಣಿಸಿಕೊಂಡ ಕೂಲ್‌ವೆಬ್‌ಸರ್ಚ್ ಎಂಬ ಅಪಹಾರಕವು ಹಲವು ರೂಪಗಳಲ್ಲಿ ಹರಡಿತು. ನೆದರ್ಲೆಂಡ್ಸಿನ ಮೆರೆಯ್ನ್ ಬೆಲ್ಲೆಕೊಮ್ ಎಂಬ ವಿದ್ಯಾರ್ಥಿ ಅದನ್ನು ಕಿತ್ತುಹಾಕುವ ಸಾಧನವನ್ನು ರಚಿಸಿದನು. ಅದು ಬ್ರೌಸರಿನ ದೋಷಗಳ ಮೂಲಕ ಹೇಳದೆ ನುಗ್ಗುತ್ತಿತ್ತು. ಅನಂತರದ ದಿನಗಳಲ್ಲಿ ಇಂಥವು ನಮ್ಮ ಒಪ್ಪಿಗೆ ಪಡೆದೇ ಬರುವ ದಾರಿಯನ್ನು ಹಿಡಿದವು. ೨೦೧೫ರವರೆಗೆ ವಿಂಡೋಸಿನಲ್ಲಿ ಜಾವಾ ತಂತ್ರಾಂಶವನ್ನು ಸ್ಥಾಪಿಸುವಾಗ, ಆಸ್ಕ್ ಟೂಲ್‌ಬಾರನ್ನೂ ಸೇರಿಸಲು ಮೊದಲೇ ಗುರುತು ಹಾಕಿದ ಚೌಕವೊಂದು ಇರುತ್ತಿತ್ತು. ಅದನ್ನು ಗಮನಿಸಿ ಅಳಿಸಿದವರು ಮಾತ್ರ ಪಾರಾಗುತ್ತಿದ್ದರು. ೨೦೧೪ರಲ್ಲಿ ಮಾರಾಟವಾದ ಲೆನೊವೊ ಲ್ಯಾಪ್‌ಟಾಪುಗಳಲ್ಲಿ ಕೆಲವಕ್ಕೆ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶವನ್ನು ಮೊದಲೇ ಸೇರಿಸಲಾಗಿತ್ತು. ಅದು ತನ್ನದೇ ಪ್ರಮಾಣಪತ್ರವನ್ನು ಯಂತ್ರದಲ್ಲಿ ನೆಟ್ಟು, ಬೀಗದ ಗುರುತಿರುವ ಸುರಕ್ಷಿತ ಪುಟಗಳ ನಡುವೆಯೂ ಕೈಹಾಕುತ್ತಿತ್ತು. ೨೦೧೫ರ ಫೆಬ್ರವರಿಯಲ್ಲಿ ಇದು ಬಯಲಾಯಿತು.

ಈಗ ನಿವಾರಣೆಯ ಕ್ರಮವನ್ನು ನೋಡೋಣ. ವಿಂಡೋಸ್ ಯಂತ್ರವನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ. ಮೊದಲು ನಮ್ಮ ಬರಹಗಳನ್ನು ಮಾತ್ರ, ತಂತ್ರಾಂಶಗಳನ್ನಲ್ಲ, ಬೇರೊಂದು ಡ್ರೈವಿಗೆ ನಕಲು ಮಾಡಿಕೊಳ್ಳಬೇಕು. ಬಳಿಕ ಸೆಟ್ಟಿಂಗ್ಸ್‌ನಲ್ಲಿ ಸ್ಥಾಪಿತ ಆ್ಯಪ್‌ಗಳ ಪಟ್ಟಿಯನ್ನು ದಿನಾಂಕಾನುಕ್ರಮವಾಗಿ ಜೋಡಿಸಿ ನೋಡಬೇಕು. ತೊಂದರೆ ಆರಂಭವಾದ ದಿನ ಬಂದವು ಯಾವುವೆಂಬುದು ಆಗ ಗೋಚರವಾಗುತ್ತದೆ, ಅಪರಿಚಿತವಾದವನ್ನು ತೆಗೆದುಹಾಕಬೇಕು. ಮೂರನೆಯದಾಗಿ, ಬ್ರೌಸರಿನ ಎಕ್ಸ್‌ಟೆನ್ಷನ್‌ಗಳನ್ನು ಪರೀಕ್ಷಿಸಿ ನಾವು ಸೇರಿಸದಿದ್ದವನ್ನು ಕಳಚಬೇಕು. ಮುಖಪುಟ, ಶೋಧಕಯಂತ್ರ, ನೋಟಿಫಿಕೇಷನ್ ಕಳುಹಿಸಲು ಅನುಮತಿ ಪಡೆದ ತಾಣಗಳು, ಇವನ್ನೂ ಸರಿಪಡಿಸಬೇಕು. ಕ್ರೋಮ್ ಮುಂತಾದವುಗಳಲ್ಲಿ ಎಲ್ಲವನ್ನೂ ಮೂಲಸ್ಥಿತಿಗೆ ತರುವ 'ರೀಸೆಟ್' ಸೌಲಭ್ಯವಿದೆ. ಅದರಿಂದ ಬುಕ್‌ಮಾರ್ಕುಗಳು ಅಳಿಯುವುದಿಲ್ಲ. ಈ ಅವಧಿಯಲ್ಲಿ 'ಸಿಂಕ್' ವ್ಯವಸ್ಥೆಯನ್ನು ನಿಲ್ಲಿಸುವುದು ಒಳಿತು. ಇಲ್ಲವಾದರೆ ಇಲ್ಲಿ ತೆಗೆದ ಎಕ್ಸ್‌ಟೆನ್ಷನ್ ಇನ್ನೊಂದು ಯಂತ್ರದಿಂದ ಮರಳಿ ಬರಬಹುದು.

ಇಷ್ಟಾದರೂ ದೋಷವು ಮರುಕಳಿಸಿದರೆ ಬೇರು ಬೇರೆಡೆ ಇದೆಯೆಂದು ತಿಳಿಯತಕ್ಕದ್ದು. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿ, ಟಾಸ್ಕ್ ಶೆಡ್ಯೂಲರ್, ಪ್ರಾಕ್ಸಿ ಸೆಟ್ಟಿಂಗ್, ಬ್ರೌಸರಿನ ಶಾರ್ಟ್‌ಕಟ್‌ನಲ್ಲಿ ಅದರ ಹೆಸರಿನ ಮುಂದೆ ಅಂಟಿಸಿದ ವಿಳಾಸ, ಇವು ನಾಲ್ಕೂ ಅಡಗುದಾಣಗಳು. ನಮ್ಮ ಯಂತ್ರದಲ್ಲಿ ಬೇರಿದ್ದುದು ಟಾಸ್ಕ್ ಶೆಡ್ಯೂಲರಿನಲ್ಲಿ. ಮುಖಪುಟವನ್ನು ಎಷ್ಟು ಸಲ ತಿದ್ದಿದರೂ ಅದು ಮತ್ತೆ ಮತ್ತೆ ಕೆಡುತ್ತಿದ್ದುದು ಇದರಿಂದಲೇ. ಕೊನೆಗೆ ಮೈಕ್ರೋಸಾಫ್ಟ್ ಡಿಫೆಂಡರಿನ ಆಫ್‌ಲೈನ್ ಪರೀಕ್ಷೆಯನ್ನೂ, ಮಾಲ್‌ವೇರ್‌ಬೈಟ್ಸ್ ಸಂಸ್ಥೆಯ ಆ್ಯಡ್‌ಡಬ್ಲ್ಯುಕ್ಲೀನರಿನಂಥ ಸಾಧನದ ಪರೀಕ್ಷೆಯನ್ನೂ ನಡೆಸಬೇಕು. ಬ್ಯಾಂಕ್ ಹಾಗೂ ಇ-ಮೇಲಿನ ಪಾಸ್‌ವರ್ಡುಗಳನ್ನು ಸೋಂಕಿಲ್ಲದ ಬೇರೊಂದು ಯಂತ್ರದಿಂದ ಬದಲಿಸಬೇಕು. ಶುಚಿಯಾಗದ ಯಂತ್ರದಲ್ಲಿ ಬದಲಿಸಿದರೆ ಹೊಸ ಗುಟ್ಟೂ ಗೂಢಚಾರನ ಪಾಲಾದೀತು.

ಮುನ್ನೆಚ್ಚರಿಕೆಯು ಇದಕ್ಕಿಂತ ಸುಲಭ. ತಂತ್ರಾಂಶವನ್ನು ಅದರ ತಯಾರಕರ ತಾಣದಿಂದಲೇ ಪಡೆಯಬೇಕು. ಕನ್ನಡ ಬರೆಯಲು ಬೇಕಾದ ನುಡಿ ಮುಂತಾದ ತಂತ್ರಾಂಶಗಳಿಗೂ ಈ ಮಾತು ಅನ್ವಯಿಸುತ್ತದೆ. ಸ್ಥಾಪನೆಯ ವೇಳೆ 'ಕಸ್ಟಮ್' ಮಾರ್ಗವನ್ನು ಆರಿಸಿ ಪ್ರತಿಯೊಂದು ಚೌಕವನ್ನೂ ಓದಬೇಕು. ನಿತ್ಯದ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ ಖಾತೆಯನ್ನು ಬಳಸಕೂಡದು. ಅನಪೇಕ್ಷಿತ ಆ್ಯಪ್‌ಗಳನ್ನು ತಡೆಯುವ ಸೌಲಭ್ಯ ವಿಂಡೋಸ್ ಸೆಕ್ಯುರಿಟಿಯಲ್ಲಿಯೇ ಇದೆ, ಅದನ್ನು ಚಾಲನೆಯಲ್ಲಿಡಬೇಕು. ಬ್ರೌಸರನ್ನೂ ವಿಂಡೋಸನ್ನೂ ಆಗಾಗ ನವೀಕರಿಸಬೇಕು. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿದಿರುವುದನ್ನೂ ನೆನಪಿನಲ್ಲಿಡತಕ್ಕದ್ದು.

ತಾತ್ಪರ್ಯವೇನೆಂದರೆ, ಇಂದಿನ ಅಪಹಾರಕಗಳಲ್ಲಿ ಬಹುಪಾಲು ಬಾಗಿಲನ್ನು ಮುರಿದು ಬರುವುದಿಲ್ಲ. ಓದದೆ ಒತ್ತಿದ ಒಪ್ಪಿಗೆಯ ಗುಂಡಿಯೇ ಅವಕ್ಕೆ ಬಾಗಿಲು. ತಾಮ್ರಪಟವೊಂದು ಕೈಗೆ ಬಂದರೆ ಅದು ಎಲ್ಲಿಂದ ಬಂದಿತು, ಯಾರು ಬರೆಯಿಸಿದರು, ಅದರಿಂದ ಯಾರಿಗೆ ಲಾಭ ಎಂದು ವಿಚಾರಿಸಿದ ಮೇಲೆಯೇ ನಾವು ಅದನ್ನು ನಂಬುತ್ತೇವೆ. ಇದೇ ಮೂರು ಪ್ರಶ್ನೆಗಳನ್ನು ತಂತ್ರಾಂಶಕ್ಕೂ ಕೇಳುವ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿಗಳು ಬೆಳೆಸಿಕೊಳ್ಳಲಿ ಎಂದು ಹಾರೈಸುತ್ತೇವೆ.