ಸೇದದ ಮಕ್ಕಳು ತೆರುವ ಸುಂಕ

ಬೀಡಿ ಸೇದುವಾತನು ಅದರ ಲಾಭನಷ್ಟಗಳು ತನ್ನೊಬ್ಬನವೇ ಎಂದು ಭಾವಿಸಿರುತ್ತಾನೆ. ಹೊಗೆಯಾದರೋ ಅಂತಹ ಎಲ್ಲೆಯನ್ನು ಅರಿಯದು. ಎರಡು ದಮ್ಮುಗಳ ನಡುವೆ ಉರಿಯುವ ತುದಿಯಿಂದ ಸುಮ್ಮನೆ ಏಳುವ ಹೊಗೆಯು ಕಡಿಮೆ ಶಾಖದಲ್ಲಿ ಅರೆಬರೆ ಸುಟ್ಟ ತಂಬಾಕಿನಿಂದ ಹುಟ್ಟುವುದರಿಂದ, ಸೇದುವವನು ಒಳಗೆಳೆದುಕೊಳ್ಳುವ ಹೊಗೆಗಿಂತಲೂ ಅದರಲ್ಲಿ ಕೆಲವು ವಿಷವಸ್ತುಗಳು ಅಧಿಕ. ಮನೆಯ ಗಾಳಿಯಲ್ಲಿ ಬೆರೆತ ಈ ಹೊಗೆಯನ್ನು ಇತರರು ಉಸಿರಾಡುವುದೇ ಪರೋಕ್ಷ ಧೂಮಪಾನ.

ಜಪಾನಿನ ತಕೇಶಿ ಹಿರಾಯಾಮಾ ಅವರು ಧೂಮಪಾನವಿಲ್ಲದ 91,540 ಗೃಹಿಣಿಯರನ್ನು 14 ವರ್ಷ ಗಮನಿಸಿ, ಗಂಡನ ಸಿಗರೇಟಿನಿಂದ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚುವುದೆಂದು 1981ರಲ್ಲಿ ಪ್ರಕಟಿಸಿದಾಗ ಅನೇಕರು ನಂಬಲಿಲ್ಲ. ಇಂದು ಆ ಸಂದೇಹ ಉಳಿದಿಲ್ಲ.

ಮಕ್ಕಳ ಸ್ಥಿತಿ ಇನ್ನೂ ಕಠಿಣ. ವಯಸ್ಕನು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡಿದರೆ ಹಸುಗೂಸು 30ಕ್ಕೂ ಹೆಚ್ಚು ಬಾರಿ ಉಸಿರಾಡುತ್ತದೆ. ಅದರ ಶ್ವಾಸನಾಳಗಳು ಕಿರಿದು. ಎದ್ದು ಹೊರಗೆ ಹೋಗುವ ಸ್ವಾತಂತ್ರ್ಯವೂ ಅದಕ್ಕಿಲ್ಲ. ನ್ಯುಮೋನಿಯಾ, ಉಬ್ಬಸದ ಉಲ್ಬಣ, ಶ್ವಾಸಕೋಶದ ಕುಂಠಿತ ಬೆಳವಣಿಗೆ, ಕೂಸುಗಳ ಹಠಾತ್ ಮರಣ ಇವೆಲ್ಲಕ್ಕೂ ಈ ಹೊಗೆಯ ಸಂಬಂಧ ಸ್ಥಿರಪಟ್ಟಿದೆ. ಕಿವಿಯ ವಿಷಯವನ್ನು ಶಿಕ್ಷಕರು ವಿಶೇಷವಾಗಿ ಗಮನಿಸತಕ್ಕದ್ದು. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ನಾಳವು ಮಕ್ಕಳಲ್ಲಿ ಗಿಡ್ಡವಾಗಿಯೂ ಅಡ್ಡವಾಗಿಯೂ ಇರುವುದರಿಂದ, ಹೊಗೆಯಿಂದ ಕೆರಳಿ ಬಾತಾಗ ಮಧ್ಯಕರ್ಣದಲ್ಲಿ ದ್ರವ ನಿಲ್ಲುತ್ತದೆ, ಕಿವಿ ಸೋರುತ್ತದೆ, ಶ್ರವಣ ಮಂದವಾಗುತ್ತದೆ. ಹಿಂದಿನ ಬೆಂಚಿನ ಹುಡುಗನು ಕರೆದರೆ ಓಗೊಡದಿರುವುದಕ್ಕೆ ಯಾವಾಗಲೂ ಮಂದಬುದ್ಧಿಯೇ ಕಾರಣವಲ್ಲ.

2004ರ ಅಂಕಿಗಳನ್ನು ಆಧರಿಸಿದ ಜಾಗತಿಕ ಅಧ್ಯಯನವೊಂದರಂತೆ ಪ್ರಪಂಚದ ಶೇಕಡ 40ರಷ್ಟು ಮಕ್ಕಳು ಈ ಹೊಗೆಗೆ ಒಡ್ಡಲ್ಪಟ್ಟಿದ್ದರು. ಅದರಿಂದ ಆ ವರ್ಷ ಸಂಭವಿಸಿದ ಸುಮಾರು 6 ಲಕ್ಷ ಸಾವುಗಳಲ್ಲಿ ಶೇಕಡ 28 ಮಕ್ಕಳವು.

ಇನ್ನು ಹಣದ ಮಾತು. ಭಾರತದಲ್ಲಿ ಪರೋಕ್ಷ ಧೂಮಪಾನದಿಂದ ಬರುವ ರೋಗಗಳ ಚಿಕಿತ್ಸೆಗೆ ವರ್ಷಕ್ಕೆ ಸುಮಾರು 56,700 ಕೋಟಿ ರೂಪಾಯಿ ವ್ಯಯವಾಗುವುದೆಂದು 2022ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಅದು ಸೇದದ ವಯಸ್ಕರ ಲೆಕ್ಕ ಮಾತ್ರ. ಚಿಕ್ಕ ಮಕ್ಕಳ ಔಷಧದ ಖರ್ಚು ಅದರ ಹೊರಗಿದೆ. ಬೀಡಿಯ ಕಟ್ಟಿಗೆ ಕೊಟ್ಟ ಹಣ ಮನೆಯೊಡತಿಯ ಕಣ್ಣಿಗೆ ಬೀಳುತ್ತದೆ. ಉಬ್ಬಸದ ಮಗುವನ್ನು ತಾಲ್ಲೂಕು ಆಸ್ಪತ್ರೆಗೆ ಒಯ್ದ ಬಸ್ಸಿನ ದರ, ಅಂದು ತಪ್ಪಿದ ತಾಯಿಯ ಕೂಲಿ, ಕೈಸಾಲದ ಬಡ್ಡಿ ಇವನ್ನು ಯಾರೂ ಬೀಡಿಯ ಹೆಸರಿಗೆ ಬರೆಯುವುದಿಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿಯೂ ಆ ದಿನ ಕೇವಲ ಗೈರುಹಾಜರಿಯಾಗಿಯೇ ಉಳಿಯುತ್ತದೆ.

ಕಾನೂನು ಸುಮ್ಮನೆ ಕುಳಿತಿಲ್ಲ. 2003ರ ಕೇಂದ್ರ ಕಾಯಿದೆಯು ಶಾಲೆಗಳಿಂದ ನೂರು ಗಜದೊಳಗೆ ತಂಬಾಕಿನ ಮಾರಾಟವನ್ನು ನಿಷೇಧಿಸಿತು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳ ಧೂಮಪಾನಕ್ಕೆ ಪರಿಷ್ಕೃತ ನಿಯಮಗಳು ಜಾರಿಗೆ ಬಂದವು. ಕರ್ನಾಟಕವು 2025ರಲ್ಲಿ ದಂಡವನ್ನು 200ರಿಂದ 1,000 ರೂಪಾಯಿಗೆ ಏರಿಸಿತು. ಹೊರಗೆ ತಡೆದರೆ ಜನರು ಮನೆಯಲ್ಲಿ ಹೆಚ್ಚು ಸೇದಿಯಾರೆಂಬ ಆಕ್ಷೇಪ ಹಲವೆಡೆ ಕೇಳಿಬಂದದ್ದುಂಟು. ಸ್ಕಾಟ್ಲೆಂಡಿನ ಅನುಭವ ಬೇರೆಯಾಗಿದೆ. ಅಲ್ಲಿ 2006ರ ಮಾರ್ಚಿಗೆ ಮೊದಲು ಉಬ್ಬಸಕ್ಕಾಗಿ ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ವರ್ಷಕ್ಕೆ ಶೇಕಡ 5ರಷ್ಟು ಏರುತ್ತಿತ್ತು. ನಿಷೇಧದ ತರುವಾಯ ವರ್ಷಕ್ಕೆ ಶೇಕಡ 18ರಂತೆ ಇಳಿಯಿತು.

ನಮ್ಮ ಕಾಯಿದೆ ಮನೆಯ ಹೊಸ್ತಿಲಲ್ಲಿ ನಿಲ್ಲುತ್ತದೆ. ಕಿಟಕಿಯ ಬಳಿ ನಿಂತು ಸೇದಿದರಾಯಿತು, ಮಗು ಮಲಗಿದ ಮೇಲೆ ಸೇದಿದರಾಯಿತು ಎಂಬ ಸಮಾಧಾನಗಳೂ ಹುಸಿ. ಹೊಗೆಯ ಕಣಗಳು ಗಂಟೆಗಟ್ಟಲೆ ಕೋಣೆಯಲ್ಲಿ ಉಳಿದು ಹಾಸಿಗೆ ಬಟ್ಟೆಗಳಿಗೆ ಅಂಟುತ್ತವೆ. ಆದಾಗ್ಯೂ ಮನೆಯಲ್ಲಿ ಈ ಹೊಗೆಗೆ ಒಡ್ಡಿಕೊಳ್ಳುವ ವಯಸ್ಕರ ಪ್ರಮಾಣವು 2009-10ರಲ್ಲಿ ಶೇಕಡ 52 ಇದ್ದುದು 2016-17ರ ವೇಳೆಗೆ ಶೇಕಡ 39ಕ್ಕೆ ಇಳಿಯಿತು. ಯಾವ ಇನ್ಸ್‌ಪೆಕ್ಟರನೂ ಆ ಮನೆಗಳೊಳಗೆ ಕಾಲಿಟ್ಟಿರಲಿಲ್ಲ.